ಆದಿಮ ಕೃಷ್ಣವಿವರಗಳ ಅನ್ವೇಷಣೆಯೂ ಯೋಗ್ಯಾನುಪಲಬ್ಧಿಯೂ

೧

ಚಿತ್ರದುರ್ಗದ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರವೆಂಬ ಬೆಟ್ಟವೊಂದುಂಟು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯುವು ರೆಕ್ಕೆ ಕಡಿದು ಬಿದ್ದುದು ಇಲ್ಲಿಯೇ ಎಂದು ಸ್ಥಳದವರು ಹೇಳುವರು. ಬೆಟ್ಟದ ಹೆಸರೂ ಆ ಪಕ್ಷಿರಾಜನಿಂದಲೇ ಬಂದುದೆಂಬುದು ಅವರ ನಂಬಿಕೆ. ಬೆಟ್ಟದ ಮೇಲೆ ರಾಮೇಶ್ವರನ ಗುಡಿಯಿದೆ. ಗುಡಿಗೆ ಏರುವ ಮೆಟ್ಟಿಲುಗಳ ಸಮೀಪದ ಒಂದು ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವೊಂದು ಕೆತ್ತಲ್ಪಟ್ಟಿದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಇವೆರಡರ ಶಾಸನಗಳೊಡನೆ ಇದನ್ನೂ ಬೆಳಕಿಗೆ ತಂದರು. ಈ ಬಂಡೆಗೆ ಬಳೆಗಾರ ಗುಂಡು ಎಂದು ಹೆಸರು. ಜಾತ್ರೆಯ ಕಾಲದಲ್ಲಿ ಬಳೆಗಾರರು ಇದರ ಮೇಲೆ ಅಂಗಡಿ ಹೂಡುತ್ತಿದ್ದುದೇ ಆ ಹೆಸರಿಗೆ ಕಾರಣ. ಎರಡು ಸಾವಿರ ವರ್ಷಗಳಿಗೂ ಮೀರಿದ ಮಳೆಬಿಸಿಲುಗಳಿಗೆ ಜನರ ಕಾಲ್ತುಳಿತವೂ ಸೇರಿ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ.

ಹೀಗೆ ಸವೆದ ಕಲ್ಲನ್ನು ವಿದ್ವಾಂಸರು ಓದಿದ ಬಗೆಯು ವಿಚಾರಾರ್ಹವಾದುದು. ಮೇಲೆ ಹೇಳಿದ ಮೂರು ಸ್ಥಳಗಳೂ ಒಂದಕ್ಕೊಂದು ಕೆಲವೇ ಮೈಲಿಗಳ ಅಂತರದಲ್ಲಿವೆ. ಮೂರರಲ್ಲಿಯೂ ಇರುವುವು ಒಂದೇ ಶಾಸನದ ಪ್ರತಿಗಳು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಜಟಿಂಗದ ಬಂಡೆಯಲ್ಲಿ ಕಾಣದ ಅಕ್ಷರಗಳನ್ನು ಉಳಿದೆರಡು ಪ್ರತಿಗಳ ಸಹಾಯದಿಂದ ಪೂರೈಸಿಕೊಂಡರು. ಅಕ್ಷರ ಕಾಣದ ಕಡೆಯಲ್ಲಿ ಏನನ್ನೂ ಕೆತ್ತಿರಲೇ ಇಲ್ಲವೆಂದು ಯಾರೂ ವಾದಿಸಲಿಲ್ಲ. ಏಕೆಂದರೆ ಸವೆದ ಕಲ್ಲಿನಲ್ಲಿ, ಅಕ್ಷರವನ್ನು ಕೆತ್ತಿದ್ದರೂ ಅದು ಈಗ ಕಾಣುವಂತಿಲ್ಲ. ಅಂತಹ ಕಡೆ ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗಲಾರದು.

ಇದಕ್ಕೆ ಜೊತೆಯಾದ ಇನ್ನೊಂದು ನಿದರ್ಶನವುಂಟು. ಬ್ರಹ್ಮಗಿರಿಯ ಪ್ರತಿಯು ಚೆನ್ನಾಗಿ ಉಳಿದಿದೆ. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ, ಅಶೋಕ ಎಂಬ ಹೆಸರಿಲ್ಲ. ಕಲ್ಲು ಸವೆಯದಿರುವ ಕಾರಣ ಆ ಹೆಸರನ್ನು ಅಲ್ಲಿ ಕೆತ್ತಿಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಆದರೆ ಅಷ್ಟರಿಂದಲೇ ಶಾಸನಕರ್ತನು ಅಶೋಕನಲ್ಲವೆಂದು ಹೇಳಲಾಗುತ್ತಿರಲಿಲ್ಲ. ೧೯೧೫ರಲ್ಲಿ ರಾಯಚೂರಿನ ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಪತ್ತೆಮಾಡಿದ ಶಾಸನದಲ್ಲಿ ಬಿರುದೂ ಹೆಸರೂ ಒಟ್ಟಿಗೆ ದೊರೆತವು. ಜಟಿಂಗದಲ್ಲಿ ನೋಡುವ ಸಾಧನವು ಕೆಟ್ಟಿತ್ತು. ಬ್ರಹ್ಮಗಿರಿಯಲ್ಲಿ ಸಾಧನವು ಸರಿಯಾಗಿದ್ದರೂ ಅದರಿಂದ ಸಿದ್ಧಿಸುವ ಅರ್ಥಕ್ಕೆ ಎಲ್ಲೆಯಿತ್ತು.

ಕಾಣದಿರುವುದರಿಂದ ಇಲ್ಲವೆಂಬುದನ್ನು ಎಷ್ಟರಮಟ್ಟಿಗೆ ಸಾಧಿಸಬಹುದು? ಶಾಸನಶೋಧಕರಿಗೆ ಎದುರಾಗುವ ಈ ಪ್ರಶ್ನೆಯೇ ಆಕಾಶಶೋಧಕರಿಗೂ ಅರ್ಧ ಶತಮಾನದಿಂದ ಎದುರಾಗಿದೆ. ವಿಶ್ವದ ಆರಂಭದಲ್ಲಿ ಹುಟ್ಟಿ ಈಗ ಆವಿಯಾಗಿ ಸಿಡಿಯುತ್ತಿರಬಹುದಾದ ಕಿರಿಯ ಕೃಷ್ಣವಿವರಗಳನ್ನು ಅವರು ಹುಡುಕುತ್ತಿರುವರು; ಇದುವರೆಗೆ ಒಂದೂ ಕಂಡಿಲ್ಲ. ಈ ಅನ್ವೇಷಣೆಯಲ್ಲಿ ಕನ್ನಡನಾಡಿನವರ ಪಾಲೂ ಇದೆ. ಅದರ ಚರಿತ್ರೆಯನ್ನು ನಮ್ಮ ಶಾಸ್ತ್ರಕಾರರು ತೋರಿಸಿದ ಪ್ರಮಾಣವಿಚಾರದ ಬೆಳಕಿನಲ್ಲಿ ನಿರೂಪಿಸುವುದು ಈ ಲೇಖನದ ಉದ್ದೇಶ.

೨

ನೆಲದ ಮೇಲೆ ಘಟವಿಲ್ಲವೆಂಬುದು ನಮಗೆ ತಿಳಿಯುವುದು ಹೇಗೆ? ಕುಮಾರಿಲಭಟ್ಟನ ಅನುಯಾಯಿಗಳಾದ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪುವರು. ಪ್ರಾಭಾಕರರು ಅದನ್ನು ಬೇರೆ ಪ್ರಮಾಣವೆಂದು ಒಪ್ಪುವುದಿಲ್ಲ. ನೈಯಾಯಿಕರು ಅಭಾವವನ್ನು ಪ್ರತ್ಯಕ್ಷದಿಂದಲೇ ಗ್ರಹಿಸುತ್ತೇವೆಂದೂ ಅನುಪಲಬ್ಧಿಯು ಅದಕ್ಕೆ ಸಹಕಾರಿ ಮಾತ್ರವೆಂದೂ ಹೇಳುವರು. ಬೌದ್ಧನಾದ ಧರ್ಮಕೀರ್ತಿಯು ಅದನ್ನು ಅನುಮಾನದ ಹೇತುಗಳಲ್ಲಿ ಸೇರಿಸುವನು. ಹೀಗೆ ಪ್ರಮಾಣದ ಹೆಸರಿನಲ್ಲಿ ವಿವಾದವಿದ್ದರೂ ಒಂದು ನಿಯಮದಲ್ಲಿ ಇವರಿಗೆ ಹೆಚ್ಚು ಭೇದವಿಲ್ಲ. ಕೇವಲ ಕಾಣದಿರುವುದು ಸಾಲದು. ಕಾಣಲು ಯೋಗ್ಯವಾದುದು ಕಾಣದಿರಬೇಕು. ಇದೇ ಯೋಗ್ಯಾನುಪಲಬ್ಧಿ. ಘಟವು ಇಲ್ಲಿ ಇದ್ದಿದ್ದರೆ ಕಾಣುತ್ತಿತ್ತು ಎಂಬ ತರ್ಕವು ಮೊದಲು ನಿಲ್ಲಬೇಕು. ಆ ಬಳಿಕವೇ ಘಟವಿಲ್ಲವೆಂಬ ಜ್ಞಾನವು ದೃಢವಾಗುವುದು.

ಇದಕ್ಕೆ ಶಾಸ್ತ್ರದಲ್ಲಿ ಪ್ರಸಿದ್ಧವಾದ ಪ್ರತ್ಯುದಾಹರಣೆಗಳಿವೆ. ಕತ್ತಲೆಯ ಕೋಣೆಯಲ್ಲಿ ಘಟವು ಕಾಣದಿದ್ದರೆ ಅದು ಇಲ್ಲವೆನ್ನಲಾಗದು, ಏಕೆಂದರೆ ಬೆಳಕೆಂಬ ಸಾಮಗ್ರಿ ಇಲ್ಲ. ಕಂಬದಲ್ಲಿ ಪಿಶಾಚವು ಕಾಣದಿದ್ದರೂ ಇಲ್ಲವೆನ್ನಲಾಗದು, ಏಕೆಂದರೆ ಪಿಶಾಚವು ಸ್ವಭಾವತಃ ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಮೊದಲನೆಯದು ಸಾಧನದ ಅಯೋಗ್ಯತೆ, ಎರಡನೆಯದು ವಸ್ತುವಿನ ಅಯೋಗ್ಯತೆ. ಮುಂದೆ ಹೇಳುವ ಚರಿತ್ರೆಯ ಸಾರವೆಲ್ಲವೂ ಈ ಎರಡು ಉದಾಹರಣೆಗಳಲ್ಲಿ ಅಡಗಿದೆ. ಕೃಷ್ಣವಿವರವು ಮೊದಲು ಪಿಶಾಚದ ಸ್ಥಾನದಲ್ಲಿತ್ತು. ಒಂದು ಸಿದ್ಧಾಂತದಿಂದ ಘಟದ ಸ್ಥಾನಕ್ಕೆ ಬಂದಿತು. ಆ ಬಳಿಕ ಕೋಣೆಯಲ್ಲಿ ಎಷ್ಟು ಬೆಳಕಿದೆಯೆಂಬ ಲೆಕ್ಕದಲ್ಲಿಯೇ ವಿದ್ವಾಂಸರು ಒಮ್ಮೆ ಎಡವಬೇಕಾಯಿತು.

೩

ಜನರು ಕಪ್ಪುಕುಳಿಯೆಂದು ಕರೆಯುವ ಕೃಷ್ಣವಿವರವೆಂದರೆ ದ್ರವ್ಯವು ತನ್ನ ಗುರುತ್ವದಿಂದಲೇ ಕುಸಿದು, ಬೆಳಕು ಸಹ ಹೊರಗೆ ಬರಲಾರದಷ್ಟು ಬಿಗಿಯಾದ ಪ್ರದೇಶ. ಮಹಾನಕ್ಷತ್ರಗಳು ಆಯುಸ್ಸು ತೀರಿ ಕುಸಿದಾಗ ಹುಟ್ಟುವ ಕೃಷ್ಣವಿವರಗಳು ಸೂರ್ಯನಿಗಿಂತ ಹಲವು ಮಡಿ ತೂಕವುಳ್ಳವು. ಆದರೆ ವಿಶ್ವದ ಆದಿಕಾಲದಲ್ಲಿ, ದ್ರವ್ಯವೆಲ್ಲವೂ ಅತ್ಯಂತ ದಟ್ಟವಾಗಿದ್ದಾಗ, ಅಲ್ಲಲ್ಲಿ ಇನ್ನೂ ದಟ್ಟವಾದ ಭಾಗಗಳು ಕುಸಿದು ಬಹು ಕಿರಿಯ ಕೃಷ್ಣವಿವರಗಳೂ ಹುಟ್ಟಿರಬಹುದು. ೧೯೬೬ರಲ್ಲಿ ರಷ್ಯದ ಜೆಲ್ದೊವಿಚ್, ನೊವಿಕೊವ್ ಎಂಬ ವಿದ್ವಾಂಸರೂ ೧೯೭೧ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹಾಕಿಂಗರೂ ಈ ಸಂಭವವನ್ನು ವಿಚಾರಿಸಿದರು. ಇವಕ್ಕೆ ಆದಿಮ ಕೃಷ್ಣವಿವರಗಳೆಂದು ಹೆಸರಾಯಿತು. ಐವತ್ತು ಕೋಟಿ ಟನ್ ತೂಕದ ಒಂದನ್ನು ಭಾವಿಸೋಣ. ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲ, ಸುಮಾರು ೧೮೫ ಮೀಟರ್ ಎತ್ತರವುಳ್ಳ ಕಣಶಿಲೆಯ ಗುಡ್ಡದ ತೂಕ ಇಷ್ಟಾಗುವುದು. ಅಷ್ಟು ತೂಕವೂ ಪರಮಾಣುವಿನ ಗರ್ಭದಲ್ಲಿರುವ ಒಂದು ಪ್ರೋಟಾನಿನ ಗಾತ್ರಕ್ಕೆ ಅಡಗಿರುವುದು. ಬೆಳಕನ್ನು ಬೀರದ, ಪ್ರೋಟಾನಿನಷ್ಟು ಕಿರಿದಾದ ವಸ್ತುವನ್ನು ಆಕಾಶದಲ್ಲಿ ಕಾಣುವುದೆಂತು? ಇದು ಕಂಬದಲ್ಲಿರುವ ಪಿಶಾಚವೇ ಸರಿ.

ಕೃಷ್ಣವಿವರವನ್ನು ಕಾಣುವುದು ಹೇಗೆಂಬ ಪ್ರಶ್ನೆಯನ್ನು ಮೊದಲು ಗಣಿತಕ್ಕೆ ಒಳಪಡಿಸಿದವರಲ್ಲಿ ಬೆಂಗಳೂರಿನಲ್ಲಿ ೧೯೩೮ರಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ ಅವರು ಒಬ್ಬರು. ಒಂಟಿಯಾಗಿರುವ ಕೃಷ್ಣವಿವರದ ಮೇಲೆ ಗುರುತ್ವದ ತರಂಗಗಳು ಬಿದ್ದರೆ ಅದು ಯಾವ ಬಗೆಯಲ್ಲಿ ಪ್ರತಿಕ್ರಿಯೆ ತೋರುವುದೆಂದು ಅವರು ಲೆಕ್ಕಮಾಡಿದರು. ಬಡಿದ ಗಂಟೆಯ ನಾದವು ಕ್ರಮವಾಗಿ ಅಡಗುವಂತೆ ಕೃಷ್ಣವಿವರವೂ ತನ್ನದೇ ಆದ ಕಂಪನದಿಂದ ಮಿಡಿದು ಶಾಂತವಾಗುವುದೆಂದು ೧೯೭೦ರಲ್ಲಿ ಪ್ರಕಟಿಸಿದರು. ೨೦೧೫ನೆಯ ಸೆಪ್ಟೆಂಬರ್ ೧೪ರಂದು ಅಮೆರಿಕದ ಲೈಗೊ ಯಂತ್ರಗಳಿಗೆ ಎರಡು ಕೃಷ್ಣವಿವರಗಳು ಒಂದಾದ ತರಂಗವು ತಲುಪಿದಾಗ, ಅದರ ಕೊನೆಯ ಭಾಗವು ಈ ಬಗೆಯ ಮಿಡಿತಕ್ಕೆ ಹೊಂದಿಕೊಂಡಿತು. ವಿಶ್ವೇಶ್ವರ ಅವರು ೨೦೧೭ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ತಮ್ಮ ಲೆಕ್ಕವು ಫಲಿಸಿದುದನ್ನು ಕಾಣುವ ಭಾಗ್ಯವು ಅವರಿಗೆ ಲಭಿಸಿತು. ಆದರೆ ಈ ಮಾರ್ಗವು ಹೊಂದುವುದು ಸೂರ್ಯನಿಗಿಂತ ಭಾರವಾದ ಕೃಷ್ಣವಿವರಗಳಿಗೆ. ಗುಡ್ಡದಷ್ಟು ತೂಕದ ಆದಿಮ ಕೃಷ್ಣವಿವರಕ್ಕೆ ಬೇರೊಂದು ಮಾರ್ಗವು ಬೇಕಾಗಿತ್ತು.

೪

ಆ ಮಾರ್ಗವನ್ನು ೧೯೭೪ರಲ್ಲಿ ಹಾಕಿಂಗರು ತೋರಿಸಿದರು. ಕೃಷ್ಣವಿವರವು ಕೇವಲ ನುಂಗುವುದಲ್ಲ. ಕಾದ ಕಬ್ಬಿಣವು ಬೆಳಕನ್ನು ಬೀರುವಂತೆ ಅದೂ ಕಿರಣಗಳನ್ನೂ ಕಣಗಳನ್ನೂ ಬೀರುತ್ತದೆಂಬುದು ಅವರ ಸಿದ್ಧಾಂತ. ಅದರ ಉಷ್ಣತೆಯು ತೂಕಕ್ಕೆ ವಿಲೋಮವಾದುದು. ಸೂರ್ಯನಷ್ಟು ತೂಕದ ಕೃಷ್ಣವಿವರದ ಉಷ್ಣತೆಯು ನಿರಪೇಕ್ಷ ಶೂನ್ಯದ ಮೇಲೆ ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಮೆ. ಐವತ್ತು ಕೋಟಿ ಟನ್ನಿನದಕ್ಕೆ ಇಪ್ಪತ್ತು ಸಾವಿರ ಕೋಟಿ ಡಿಗ್ರಿಗೂ ಹೆಚ್ಚು. ಹೀಗೆ ಬೀರುತ್ತ ಬೀರುತ್ತ ಅದು ತೂಕವನ್ನು ಕಳೆದುಕೊಳ್ಳುವುದು. ತೂಕ ತಗ್ಗಿದಂತೆ ಇನ್ನೂ ಕಾಯುವುದು. ಕಾದಂತೆ ಇನ್ನೂ ಬೇಗ ಕರಗುವುದು. ಇದನ್ನೇ ಆವಿಯಾಗುವುದೆಂದು ಹೇಳುವರು. ತೂಕವು ಎರಡು ಮಡಿಯಾದರೆ ಆಯುಸ್ಸು ಎಂಟು ಮಡಿಯಾಗುವುದೆಂಬುದು ಸ್ಥೂಲವಾದ ನಿಯಮ. ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷಗಳು. ಐವತ್ತು ಕೋಟಿ ಟನ್ನಿನ ಆಸುಪಾಸಿನಲ್ಲಿ ಹುಟ್ಟಿದವುಗಳ ಆಯುಸ್ಸು ಇಷ್ಟೇ ಆಗುವುದರಿಂದ ಅವುಗಳಿಗೆ ಅಂತ್ಯಕಾಲವು ಬಂದಿರುವುದು ಈಗಲೇ. ಕೊನೆಯ ಒಂದು ಸೆಕೆಂಡಿನಲ್ಲಿ ಸುಮಾರು ಸಾವಿರ ಟನ್ ದ್ರವ್ಯವು ಸಂಪೂರ್ಣವಾಗಿ ಶಕ್ತಿಯಾಗಿ ಸಿಡಿಯಬೇಕು. ಅದರ ಒಂದು ಭಾಗವು ಗಾಮಾ ಕಿರಣಗಳ ರೂಪದಲ್ಲಿ ಹೊರಡಬೇಕು.

ಈ ಸಿದ್ಧಾಂತದ ಗೌರವವು ಕೇವಲ ಒಂದು ಹೊಸ ವಸ್ತುವನ್ನು ಊಹಿಸಿದುದರಲ್ಲಿಲ್ಲ. ಗುರುತ್ವಶಾಸ್ತ್ರ, ಅಣುಗಳ ಕ್ವಾಂಟಂ ಶಾಸ್ತ್ರ, ಉಷ್ಣಶಾಸ್ತ್ರ ಈ ಮೂರೂ ಸೇರುವ ಸಂಧಿಸ್ಥಾನವಿದು. ಹಾಗಿದ್ದರೂ ಇಂತಹ ಕಿರಣವನ್ನು ಆಕಾಶದ ಯಾವ ಕೃಷ್ಣವಿವರದಿಂದಲೂ ಇದುವರೆಗೆ ಯಾರೂ ನೇರವಾಗಿ ಕಂಡಿಲ್ಲ. ಭಾರವಾದ ಕೃಷ್ಣವಿವರಗಳು ತೀರ ತಣ್ಣಗಿರುವುದರಿಂದ ಅವುಗಳಲ್ಲಿ ಕಾಣುವ ಆಸೆಯೂ ಇಲ್ಲ. ಸಿಡಿಯುವ ಒಂದು ಆದಿಮ ಕೃಷ್ಣವಿವರವು ಕಂಡರೆ ಹಾಕಿಂಗರ ಸಿದ್ಧಾಂತಕ್ಕೆ ಪ್ರತ್ಯಕ್ಷಪ್ರಮಾಣವೂ ವಿಶ್ವದ ಮೊದಲ ಕ್ಷಣಗಳ ಸುದ್ದಿಯೂ ಒಟ್ಟಿಗೆ ದೊರೆಯುವುವು. ೨೦೧೮ರಲ್ಲಿ ತೀರಿಕೊಂಡ ಹಾಕಿಂಗರಿಗೆ ಆ ಪ್ರತ್ಯಕ್ಷವು ಲಭಿಸಲಿಲ್ಲ.

ಇಲ್ಲಿ ಗಮನಿಸಬೇಕಾದುದು ಪ್ರಮಾಣದ ಸ್ಥಿತಿಯಲ್ಲಿ ಆದ ವ್ಯತ್ಯಾಸ. ೧೯೭೪ಕ್ಕೆ ಹಿಂದೆ, ಇಂತಹ ಕಿರಿಯ ಕೃಷ್ಣವಿವರವು ಕಾಣುವುದಿಲ್ಲವೆಂದರೆ ಅದರಿಂದ ಏನೂ ಸಿದ್ಧಿಸುತ್ತಿರಲಿಲ್ಲ. ಆ ಬಳಿಕ, ಇದ್ದಿದ್ದರೆ ಕಾಣುತ್ತಿತ್ತು ಎಂಬ ತರ್ಕಕ್ಕೆ ಎಡೆಯಾಯಿತು. ಪಿಶಾಚವು ಘಟವಾಯಿತು. ಅನ್ವೇಷಣೆಯ ಚರಿತ್ರೆಯು ಆರಂಭವಾಗುವುದು ಇಲ್ಲಿಂದ.

೫

ದೈವಯೋಗದಿಂದ ಇದೇ ಕಾಲದಲ್ಲಿ ಆಕಾಶದಿಂದ ಗಾಮಾ ಕಿರಣಗಳ ಸ್ಫೋಟಗಳು ಬರುತ್ತಿರುವುದು ಲೋಕಕ್ಕೆ ತಿಳಿದಿತ್ತು. ಅಣುಬಾಂಬಿನ ಪರೀಕ್ಷೆಗಳನ್ನು ಪತ್ತೆಮಾಡಲು ಅಮೆರಿಕದವರು ಹಾರಿಸಿದ್ದ ವೇಲಾ ಎಂಬ ಉಪಗ್ರಹಗಳಿಗೆ ೧೯೬೭ನೆಯ ಜುಲೈ ೨ರಂದು ಮೊದಲನೆಯ ಸ್ಫೋಟವು ಸಿಕ್ಕಿತು. ೧೯೭೩ರಲ್ಲಿ ಅದು ಪ್ರಕಟವಾಯಿತು. ಹುಡುಕುತ್ತಿದ್ದುದು ಸಿಕ್ಕಿತೆಂದು ಭ್ರಮಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಆದರೆ ದೂರದಲ್ಲಿ ಎದ್ದ ಧೂಳನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಅನುಮಾನಿಸಿದರೆ ಅದು ಹೇತ್ವಾಭಾಸವಾಗುವುದು. ೧೯೯೭ನೆಯ ಫೆಬ್ರವರಿ ೨೮ರ ಸ್ಫೋಟಕ್ಕೆ ದೃಶ್ಯವಾದ ಉಳಿಬೆಳಕು ದೊರೆತ ಮೇಲೆ, ಇಂತಹ ಸ್ಫೋಟಗಳು ನೂರಾರು ಕೋಟಿ ಜ್ಯೋತಿರ್ವರ್ಷಗಳ ದೂರದ ಬ್ರಹ್ಮಾಂಡಗಳಲ್ಲಿ ಆಗುವುವೆಂದು ಸ್ಪಷ್ಟವಾಯಿತು. ಬೆಂಗಳೂರಿನ ಉಪಗ್ರಹ ಕೇಂದ್ರದವರು ಸಿದ್ಧಪಡಿಸಿ ೧೯೯೪ರಲ್ಲಿ ಹಾರಿಸಿದ ಸ್ರಾಸ್-ಸಿ೨ ಉಪಗ್ರಹವೂ ೨೦೧೫ರ ಆಸ್ಟ್ರೋಸ್ಯಾಟ್ ಉಪಗ್ರಹವೂ ಹಿಡಿದವುಗಳು ಈ ಜಾತಿಯ ಸ್ಫೋಟಗಳೇ. ಆದಿಮ ಕೃಷ್ಣವಿವರದ ಸ್ಫೋಟವಾದರೋ ಇವುಗಳ ಮುಂದೆ ಅತ್ಯಲ್ಪವಾದುದು. ಅದು ಕಾಣಬೇಕಾದರೆ ನಮ್ಮ ಸಮೀಪದಲ್ಲಿಯೇ ಆಗಬೇಕು. ೧೯೭೬ರಲ್ಲಿ ಡಾನ್ ಪೇಜ್ ಎಂಬವರೂ ಹಾಕಿಂಗರೂ ಸೇರಿ ಅದರಿಂದ ಎಂತಹ ಗಾಮಾ ಕಿರಣಗಳು ಬರಬೇಕೆಂಬುದನ್ನು ಗಣಿಸಿದರು. ಹುಡುಕುವವರಿಗೆ ಲಕ್ಷಣವು ದೊರೆತಂತಾಯಿತು.

ಲಕ್ಷಣವಾಯಿತು, ಇನ್ನು ಸಾಧನ. ಗಾಮಾ ಕಿರಣವು ವಾಯುಮಂಡಲವನ್ನು ದಾಟಿ ನೆಲಕ್ಕೆ ಬಾರದು. ಆದರೆ ಅಧಿಕ ಶಕ್ತಿಯ ಕಿರಣವು ಗಾಳಿಗೆ ತಾಗಿದಾಗ ಕಣಗಳ ತುಂತುರೊಂದು ಏಳುವುದು. ಆ ಕಣಗಳು ಗಾಳಿಯಲ್ಲಿ ಬೆಳಕಿಗಿಂತಲೂ ಬೇಗ ಓಡುವುದರಿಂದ ನೀಲಿಯ ಮಿಂಚೊಂದು ಹೊಮ್ಮುವುದು. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಕಾಲ ಬಾಳುವ ಈ ಬೆಳಕಿಗೆ, ಅದರ ಮೂಲತತ್ತ್ವವನ್ನು ೧೯೩೪ರಲ್ಲಿ ಕಂಡ ರಷ್ಯದ ವಿದ್ವಾಂಸರ ಹೆಸರಿನಿಂದ ಚೆರೆಂಕೊವ್ ಬೆಳಕೆನ್ನುವರು. ಇಂಗ್ಲೆಂಡಿನ ಗಾಲ್‌ಬ್ರೆತ್, ಜೆಲ್ಲಿ ಎಂಬಿಬ್ಬರು ಕಸದ ತೊಟ್ಟಿಯೊಂದರಲ್ಲಿ ಸಣ್ಣ ಕನ್ನಡಿಯನ್ನಿಟ್ಟು, ರಾತ್ರಿಯ ಆಕಾಶದ ಕಡೆಗೆ ತಿರುಗಿಸಿ, ಈ ಮಿಂಚನ್ನು ಮೊದಲು ಹಿಡಿದು ೧೯೫೩ರಲ್ಲಿ ಪ್ರಕಟಿಸಿದರು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಐರ್ಲೆಂಡಿನ ಪೋರ್ಟರ್, ಅಮೆರಿಕದಲ್ಲಿದ್ದ ಟ್ರೆವರ್ ವೀಕ್ಸ್ ಮೊದಲಾದವರು ಈ ವಿಧಾನದಿಂದಲೇ ಆದಿಮ ಕೃಷ್ಣವಿವರಗಳ ಸ್ಫೋಟಗಳನ್ನು ಹುಡುಕತೊಡಗಿದರು.

ಇದೇ ಕಾಲದಲ್ಲಿ ನೀಲಗಿರಿಯ ಉದಕಮಂಡಲದಲ್ಲಿಯೂ ಈ ಹುಡುಕಾಟವು ನಡೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಅಲ್ಲಿ ಕಾಸ್ಮಿಕ್ ಕಿರಣಗಳ ಪ್ರಯೋಗಶಾಲೆಯನ್ನು ನಡೆಸುತ್ತಿದ್ದರು. ಆ ಸಂಸ್ಥೆಗೆ ೧೯೭೫ರಿಂದ ೧೯೮೭ರವರೆಗೆ ನಿರ್ದೇಶಕರಾಗಿದ್ದ ಬಿ. ವಿ. ಶ್ರೀಕಂಠನ್ ಅವರು ನಂಜನಗೂಡಿನಲ್ಲಿ ೧೯೨೫ರಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಹೋಮಿ ಭಾಭಾ ಅವರ ಶಿಷ್ಯರಾದವರು. ಭಾಭಾ ಅವರ ಸೂಚನೆಯಂತೆ ೧೯೫೧ರ ಸುಮಾರಿಗೆ ಕೋಲಾರದ ಚಿನ್ನದ ಗಣಿಗಳಿಗೆ ಇಳಿದು ಕಾಸ್ಮಿಕ್ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುವುವೆಂದು ಅಳೆದುದು ಅವರ ಮೊದಲ ಕೆಲಸ. ನೆಲದೊಳಗೆ ಕಣಗಳನ್ನು ಎಣಿಸಿದ ಇವರೇ ಮುಂದೆ ಬೆಟ್ಟದ ಮೇಲೆ ಆಕಾಶದ ಮಿಂಚುಗಳನ್ನು ಎಣಿಸಲು ನಿಂತರು. ಶ್ರೀಕಂಠನ್, ಪಿ. ವಿ. ರಮಣಮೂರ್ತಿ, ಪಿ. ಎನ್. ಭಟ್ ಮೊದಲಾದವರು ಆದಿಮ ಕೃಷ್ಣವಿವರಗಳ ಗಾಮಾ ಸ್ಫೋಟಗಳನ್ನು ಹುಡುಕಿದ ಫಲವನ್ನು ೧೯೮೦ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ಫೋಟವೊಂದೂ ಕಾಣಲಿಲ್ಲ. ಆದರೆ ಬರಿಯ ಇಲ್ಲವೆಂಬ ಮಾತನ್ನು ಅವರು ಹೇಳಲಿಲ್ಲ. ಸ್ಫೋಟಗಳಿದ್ದರೂ ಇಷ್ಟಕ್ಕಿಂತ ಹೆಚ್ಚಾಗಿರಲಾರವು ಎಂಬ ಮೇಲ್ಮಿತಿಯನ್ನು ಕೊಟ್ಟರು. ೧೯೮೨ರ ಸೆಪ್ಟೆಂಬರಿನಲ್ಲಿ ಅತ್ಯಧಿಕ ಶಕ್ತಿಯ ಗಾಮಾ ಕಿರಣಗಳನ್ನು ಕುರಿತ ಅಂತರರಾಷ್ಟ್ರೀಯ ಗೋಷ್ಠಿಯು ಉದಕಮಂಡಲದಲ್ಲಿಯೇ ಸೇರಿತು. ಆ ವಿದ್ಯೆಯಲ್ಲಿ ಆ ಸ್ಥಳಕ್ಕೆ ಸಂದಿದ್ದ ಮಾನ್ಯತೆಯು ಇದರಿಂದ ತಿಳಿಯುವುದು.

ಮೇಲ್ಮಿತಿಯೆಂಬುದು ಯೋಗ್ಯಾನುಪಲಬ್ಧಿಗೆ ಅಂಕಿಗಳಲ್ಲಿ ಕೊಟ್ಟ ರೂಪವೇ ಆಗಿದೆ. ಎಷ್ಟು ದೂರದವರೆಗೆ ಸ್ಫೋಟವು ಕಾಣುತ್ತಿತ್ತು, ಆಕಾಶದ ಎಷ್ಟು ಭಾಗವನ್ನು ನೋಡಿದರು, ಎಷ್ಟು ಗಂಟೆಗಳ ಕಾಲ ನೋಡಿದರು, ಈ ಮೂರನ್ನೂ ಲೆಕ್ಕಕ್ಕೆ ತಂದರೆ ಮಾತ್ರ ಅದು ಹುಟ್ಟುವುದು. ಚೆರೆಂಕೊವ್ ಬೆಳಕನ್ನು ಹಿಡಿಯುವ ಕನ್ನಡಿಗಳು ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಮಾತ್ರ ಕೆಲಸಮಾಡುವುವು. ಉಳಿದ ಕಾಲದಲ್ಲಿ ಆ ಕಣ್ಣು ಮುಚ್ಚಿರುವುದು. ಮುಚ್ಚಿದ ಕಣ್ಣಿಗೆ ಕಾಣದುದನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ.

೬

ಆ ಕಾಲದಲ್ಲಿ ಪ್ರಕಟವಾದ ಮೇಲ್ಮಿತಿಗಳಲ್ಲಿ ಕೆಲವು ಅತ್ಯಂತ ಬಿಗಿಯಾಗಿದ್ದುವು. ಆಕಾಶವನ್ನು ಅಳೆಯುವವರು ಪಾರ್ಸೆಕ್ ಎಂಬ ಮಾನವನ್ನು ಬಳಸುವರು. ಒಂದು ಪಾರ್ಸೆಕ್ ಎಂದರೆ ೩.೨೬ ಜ್ಯೋತಿರ್ವರ್ಷಗಳು. ಒಂದು ಘನ ಪಾರ್ಸೆಕ್ ಪ್ರದೇಶದಲ್ಲಿ ವರ್ಷಕ್ಕೆ ಒಂದು ಸ್ಫೋಟವೂ ಆಗುವುದಿಲ್ಲವೆಂದು ಹೇಳುವ ಮಟ್ಟಕ್ಕೆ ಆ ಮಿತಿಗಳು ಬಂದಿದ್ದುವು. ಆದರೆ ಇಂದಿನ ಯಂತ್ರಗಳು, ಹಿಂದಿನವುಗಳಿಗಿಂತ ಎಷ್ಟೋ ಮಡಿ ದೊಡ್ಡವಾಗಿದ್ದರೂ, ವರ್ಷಕ್ಕೆ ನೂರಾರು ಸ್ಫೋಟಗಳಿಗಿಂತ ಹೆಚ್ಚಿರಲಾರವು ಎಂದು ಮಾತ್ರ ಹೇಳುತ್ತಿವೆ. ಮೇಲುನೋಟಕ್ಕೆ ವಿದ್ಯೆಯು ಹಿಂದಕ್ಕೆ ಹೋದಂತೆ ತೋರುವುದು. ಇದರ ಸಮಾಧಾನವೇನು?

ಸಮಾಧಾನವಿದು. ಸ್ಫೋಟವು ಎಷ್ಟು ಪ್ರಕಾಶವಾಗಿರುವುದೆಂಬುದು ಕೊನೆಯ ಘಳಿಗೆಯಲ್ಲಿ ಕೃಷ್ಣವಿವರವು ಎಷ್ಟು ಬಗೆಯ ಕಣಗಳನ್ನು ಬೀರಬಲ್ಲುದೆಂಬುದನ್ನು ಅವಲಂಬಿಸಿದೆ. ೧೯೬೦ರ ದಶಕದಲ್ಲಿ ಹಾಗೆಡೋರ್ನ್ ಎಂಬ ವಿದ್ವಾಂಸರು ಉಷ್ಣತೆ ಏರಿದಂತೆ ಕಣಗಳ ಬಗೆಗಳು ಮಿತಿಯಿಲ್ಲದೆ ಹೆಚ್ಚುತ್ತ ಹೋಗುವುವೆಂಬ ಮತವನ್ನು ಮಂಡಿಸಿದ್ದರು. ಅದು ನಿಜವಾದರೆ ಕೃಷ್ಣವಿವರವು ಇನ್ನೂ ಭಾರವಾಗಿರುವಾಗಲೇ ಒಮ್ಮೆಗೇ ಸಿಡಿದು, ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಕಾಲದಲ್ಲಿ ಅಪಾರವಾದ ಗಾಮಾ ಕಿರಣಗಳನ್ನು ಚೆಲ್ಲಬೇಕು. ಅಂತಹ ಸ್ಫೋಟವು ಬಹು ದೂರದಿಂದ ಕಾಣುವುದು. ಬಿಗಿಯಾದ ಮಿತಿಗಳು ಈ ಮತವನ್ನು ಆಶ್ರಯಿಸಿದ್ದುವು. ಆದರೆ ಪ್ರೋಟಾನು ಮೊದಲಾದ ಕಣಗಳು ಕ್ವಾರ್ಕುಗಳೆಂಬ ಕೆಲವೇ ಮೂಲಕಣಗಳಿಂದ ಆದುವೆಂಬುದು ೧೯೭೦ರ ದಶಕದಲ್ಲಿ ಸ್ಥಿರವಾಯಿತು. ೧೯೯೦ರಲ್ಲಿ ಮ್ಯಾಕ್‌ಗಿಬನ್, ವೆಬ್ಬರ್ ಎಂಬವರು ಈ ಹೊಸ ಮತವನ್ನು ಅನುಸರಿಸಿ ಕೃಷ್ಣವಿವರದ ಕಿರಣಗಳನ್ನು ಪುನಃ ಗಣಿಸಿದರು. ಮರುವರ್ಷ ಹಾಲ್ಜೆನ್, ಜಾಸ್, ಮ್ಯಾಕ್‌ಗಿಬನ್, ವೀಕ್ಸ್ ಇವರು ಹುಡುಕಾಟದ ಫಲಗಳನ್ನು ಹೊಸದಾಗಿ ವಿಮರ್ಶಿಸಿದರು. ಹೊಸ ಗಣನೆಯಂತೆ ಕೊನೆಯ ಸ್ಫೋಟವು ಸೆಕೆಂಡುಗಳ ಕಾಲ ನಡೆಯುವುದು, ಬಹುಮಟ್ಟಿಗೆ ಮಂದವಾಗಿರುವುದು. ದೊಡ್ಡ ಕನ್ನಡಿಗಳಿಗೂ ಅದು ಕಾಣುವುದು ಪಾರ್ಸೆಕ್ಕಿನ ಹತ್ತರಲ್ಲೊಂದು ಪಾಲಿನ ಆಸುಪಾಸಿನವರೆಗೆ ಮಾತ್ರ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವೇ ೧.೩ ಪಾರ್ಸೆಕ್ ದೂರದಲ್ಲಿದೆ!

ಹಿಂದಿನವರು ನೋಡಿದುದರಲ್ಲಿ ದೋಷವಿರಲಿಲ್ಲ. ಅವರ ಕನ್ನಡಿಯೂ ಗಡಿಯಾರವೂ ಸರಿಯಾಗಿಯೇ ಇದ್ದುವು. ಇದ್ದಿದ್ದರೆ ಕಾಣುತ್ತಿತ್ತು ಎಂಬ ತರ್ಕವಾಕ್ಯವು ಯಾವ ಮತದ ಮೇಲೆ ನಿಂತಿತ್ತೋ ಆ ಮತವು ಕದಲಿತು. ಅದರೊಡನೆ ಅಭಾವದ ನಿಶ್ಚಯವೂ ಕದಲಿತು. ಆದರೆ ಅವರು ತಮ್ಮ ಮಿತಿಯನ್ನು ಯಾವ ಮತದಿಂದ ಪಡೆದರೆಂಬುದನ್ನು ಬರೆದಿಟ್ಟಿದ್ದುದರಿಂದಲೇ ಮುಂದಿನವರು ಅದನ್ನು ತಿದ್ದಲು ಸಾಧ್ಯವಾಯಿತು. ಕಾಣಲಿಲ್ಲವೆಂದಷ್ಟೇ ಬರೆದಿದ್ದರೆ ಆ ರಾತ್ರಿಗಳ ಶ್ರಮವೆಲ್ಲವೂ ವ್ಯರ್ಥವಾಗುತ್ತಿತ್ತು.

೭

ಇದಕ್ಕೆ ಪ್ರತಿಯಾದ ನಿದರ್ಶನವು ಕನ್ನಡನಾಡಿನಲ್ಲಿಯೇ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ, ೧೯೬೫ರಲ್ಲಿ ವಾಯುಮಂಡಲದ ನ್ಯೂಟ್ರಿನೋ ಕಣಗಳ ಗುರುತು ದೊರೆತುದು ಲೋಕಪ್ರಸಿದ್ಧವಾದ ಸಂಗತಿ. ಅದೇ ಆಳದಲ್ಲಿ ೧೯೮೦ರಿಂದ ಭಾರತದವರೂ ಜಪಾನಿನವರೂ ಸೇರಿ ೧೪೦ ಟನ್ ತೂಕದ ಉಪಕರಣವನ್ನಿಟ್ಟು, ಪ್ರೋಟಾನು ತಾನಾಗಿಯೇ ಒಡೆಯುವುದೇ ಎಂದು ಕಾದು ನೋಡಿದರು. ೧೯೮೧ರಲ್ಲಿ, ಒಡೆದಿರಬಹುದಾದ ಕೆಲವು ಘಟನೆಗಳು ದೊರೆತುವೆಂದು ಪ್ರಕಟಿಸಿದರು. ಅನಂತರ ಅಮೆರಿಕದ ಉಪ್ಪಿನ ಗಣಿಯಲ್ಲಿಯೂ ಜಪಾನಿನ ಕಾಮಿಯೊಕದಲ್ಲಿಯೂ ಸಾವಿರಾರು ಟನ್ ನೀರಿನ ತೊಟ್ಟಿಗಳು ಸಿದ್ಧವಾದುವು. ಕೋಲಾರದ ಎಣಿಕೆಯು ನಿಜವಾಗಿದ್ದರೆ ಅಲ್ಲಿ ಬೇಗನೆ ಅನೇಕ ಘಟನೆಗಳು ಕಾಣಬೇಕಾಗಿತ್ತು, ಕಾಣಲಿಲ್ಲ. ಇಲ್ಲಿ ಯೋಗ್ಯತೆಯು ನಿಸ್ಸಂದೇಹವಾಗಿತ್ತು. ಆದುದರಿಂದ ಕಂಡೆವೆಂಬ ಮಾತಿಗಿಂತ ಕಾಣಲಿಲ್ಲವೆಂಬ ಮಾತೇ ಬಲವಾಯಿತು. ಜಟಿಂಗದಲ್ಲಿ ಸೋದರ ಪ್ರತಿಗಳು ಕಾಣದ ಅಕ್ಷರವನ್ನು ಕೊಟ್ಟುವು; ಇಲ್ಲಿ ಸೋದರ ಯಂತ್ರಗಳು, ಕಂಡಂತಿದ್ದ ಅಕ್ಷರವು ಕಲ್ಲಿನ ಬಿರುಕಿರಬಹುದೆಂದು ತಿಳಿಸಿದುವು. ಕೋಲಾರದವರಿಗೆ ಇದರಿಂದ ಅಪಕೀರ್ತಿಯಿಲ್ಲ. ಅವರು ಮೊದಲು ಓದಿದುದರಿಂದಲೇ ಉಳಿದವರಿಗೆ ಹೋಲಿಸಿ ನೋಡಲು ಪಾಠವೊಂದು ದೊರೆಯಿತು.

೮

ಈಚಿನ ಅನ್ವೇಷಣೆಯಲ್ಲಿ ಸಾಧನದ ಯೋಗ್ಯತೆಯು ಬಹಳವಾಗಿ ಹೆಚ್ಚಿದೆ. ೨೦೧೮ರಲ್ಲಿ ಫರ್ಮಿ ಉಪಗ್ರಹದವರು ಕೊನೆಯ ಸ್ಫೋಟವನ್ನಲ್ಲದೆ, ಅದಕ್ಕೆ ಹಿಂದಿನ ವರ್ಷಗಳಲ್ಲಿ ಆಕಾಶದಲ್ಲಿ ಮೆಲ್ಲನೆ ಜರುಗುವ ಸಮೀಪದ ಗಾಮಾ ಬಿಂದುವನ್ನು ಹುಡುಕಿದರು. ಮೆಕ್ಸಿಕೋ ದೇಶದಲ್ಲಿ ೪,೧೦೦ ಮೀಟರ್ ಎತ್ತರದ ಬೆಟ್ಟದ ಓರೆಯಲ್ಲಿ ೩೦೦ ನೀರಿನ ತೊಟ್ಟಿಗಳುಳ್ಳ ಹಾಕ್ ವೀಕ್ಷಣಾಲಯವಿದೆ. ಕಣಗಳ ತುಂತುರು ನೀರಿನೊಳಗೆ ಬೀರುವ ಬೆಳಕನ್ನು ಹಿಡಿಯುವುದರಿಂದ ಇದರ ಕಣ್ಣು ಹಗಲಿರುಳೂ ತೆರೆದಿರುವುದು. ಹತ್ತು ಸೆಕೆಂಡಿನ ಸ್ಫೋಟಗಳು ಘನ ಪಾರ್ಸೆಕ್ಕಿಗೆ ವರ್ಷಕ್ಕೆ ೩,೪೦೦ಕ್ಕಿಂತ ಹೆಚ್ಚಿಲ್ಲವೆಂದು ಅವರು ೨೦೨೦ರಲ್ಲಿ ತಿಳಿಸಿದರು. ಆಫ್ರಿಕದ ನಮೀಬಿಯದ ಹೆಸ್ ಕನ್ನಡಿಗಳವರು ೨೦೨೩ರಲ್ಲಿ, ೧೨೦ ಸೆಕೆಂಡಿನ ಕಾಲಾವಧಿಯನ್ನು ಇಟ್ಟುಕೊಂಡು, ೨,೦೦೦ವೆಂದರು. ಚೀನದ ಸಿಚುವಾನಿನಲ್ಲಿ ೪,೪೧೦ ಮೀಟರ್ ಎತ್ತರದಲ್ಲಿರುವ ಲ್ಹಾಸೊ ವೀಕ್ಷಣಾಲಯದವರು ೨೦೨೫ರಲ್ಲಿ, ೨೦ ಸೆಕೆಂಡಿನ ಅವಧಿಗೆ, ಈ ಮಿತಿಯನ್ನು ೧೮೧ಕ್ಕೆ ಇಳಿಸಿದರು. ಅವಧಿಯೂ ನಿಶ್ಚಯದ ಪ್ರಮಾಣವೂ ಬೇರೆ ಬೇರೆಯಾದುದರಿಂದ ಈ ಅಂಕಿಗಳನ್ನು ನೇರವಾಗಿ ತೂಗಿ ನೋಡುವಂತಿಲ್ಲವಾದರೂ ಗತಿಯು ಸ್ಪಷ್ಟವಾಗಿದೆ. ಪಾರ್ಸೆಕ್ಕಿನ ಹತ್ತರಲ್ಲೊಂದು ಪಾಲು ತ್ರಿಜ್ಯದ ಗೋಲವನ್ನು ನಮ್ಮ ಸುತ್ತ ಕಲ್ಪಿಸಿಕೊಂಡರೆ, ೨೦೨೦ರ ಮಿತಿಯಂತೆ ಅದರೊಳಗೆ ವರ್ಷಕ್ಕೆ ಹದಿನಾಲ್ಕು ಸ್ಫೋಟಗಳಿಗೆ ಅವಕಾಶವಿತ್ತು. ೨೦೨೫ರ ಮಿತಿಯಂತೆ ಒಂದಕ್ಕೂ ಪೂರ್ತಿಯಾಗಿ ಅವಕಾಶವಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಕಣ್ಣುಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಟಾಟಾ ಸಂಸ್ಥೆಯವರೂ ಕೂಡಿ ಲಡಾಖಿನ ಹಾನ್ಲೆಯಲ್ಲಿ ೨೦೦೮ರಲ್ಲಿ ಏಳು ಚೆರೆಂಕೊವ್ ದೂರದರ್ಶಕಗಳ ಹಗಾರ್ ಎಂಬ ಸಮೂಹವನ್ನು ಸ್ಥಾಪಿಸಿದರು. ಅದೇ ಸ್ಥಳದಲ್ಲಿ ೨೧ ಮೀಟರ್ ವ್ಯಾಸದ ಮೇಸ್ ಎಂಬ ಮಹಾದರ್ಶಕವು ೨೦೨೪ನೆಯ ಅಕ್ಟೋಬರ್ ೪ರಂದು ಉದ್ಘಾಟಿತವಾಯಿತು. ಉದಕಮಂಡಲದಲ್ಲಿ ಆರಂಭವಾದ ವಿದ್ಯೆಯ ಮುಂದುವರಿಕೆಯಿದು.

ಐವತ್ತು ವರ್ಷ ಹುಡುಕಿಯೂ ಒಂದೂ ಕಾಣದ ವಸ್ತುವಿಗಾಗಿ ಇಷ್ಟು ಪ್ರಯಾಸವೇಕೆ ಎಂದು ಪೂರ್ವಪಕ್ಷಿಯು ಕೇಳಬಹುದು. ಕಂಡುದನ್ನು ಮಾತ್ರ ಜ್ಞಾನವೆಂದು ಎಣಿಸುವವರಿಗೆ ಈ ಆಕ್ಷೇಪವು ಸಹಜ. ಆದರೆ ಅಭಾವದ ಜ್ಞಾನವೂ ಜ್ಞಾನವೇ ಎಂಬುದು ಶಾಸ್ತ್ರಕಾರರ ನಿರ್ಣಯ. ಆದಿಕಾಲದ ವಿಶ್ವವು ಎಷ್ಟರಮಟ್ಟಿಗೆ ಏರುತಗ್ಗುಗಳಿಂದ ಕೂಡಿತ್ತೆಂಬುದನ್ನು ಈ ಮಿತಿಗಳು ಹೇಳುತ್ತವೆ. ಬಹಳವಾಗಿ ಏರುತಗ್ಗುಗಳಿದ್ದಿದ್ದರೆ ಸಿಡಿಯುವ ಕೃಷ್ಣವಿವರಗಳೂ ಬಹಳವಾಗಿರುತ್ತಿದ್ದುವು. ಆದರೆ ಆ ಜ್ಞಾನವು ಪ್ರಮಾಣವಾಗಬೇಕಾದರೆ ಇಲ್ಲವೆಂಬ ಮಾತಿನ ಜೊತೆಯಲ್ಲಿ ಮೂರು ಸಂಗತಿಗಳು ಬರಬೇಕು: ಎಷ್ಟು ದೂರ ನೋಡಿದೆವು, ಎಷ್ಟು ಕಾಲ ನೋಡಿದೆವು, ಇದ್ದಿದ್ದರೆ ಕಾಣುತ್ತಿತ್ತೆಂಬುದನ್ನು ಯಾವ ಮತದಿಂದ ತಿಳಿದೆವು. ಮೂರನೆಯದನ್ನು ಮರೆತರೆ ಆಗುವ ಹಾನಿಯನ್ನು ಮೇಲಿನ ಚರಿತ್ರೆಯು ತೋರಿಸಿದೆ.

ಇದು ಆಕಾಶಶೋಧಕರಿಗೆ ಮಾತ್ರ ಸೇರಿದ ಪಾಠವಲ್ಲ. ಇಂತಹ ಗ್ರಂಥವಿರಲಿಲ್ಲ, ಇಂತಹ ಅರಸನಿರಲಿಲ್ಲ, ಇಂತಹ ಊರಿರಲಿಲ್ಲವೆಂದು ಚರಿತ್ರಕಾರರು ಬರೆಯುವಾಗಲೂ ಆ ಮೂರು ಸಂಗತಿಗಳನ್ನು ಜೊತೆಯಲ್ಲಿ ಬರೆಯಬೇಕಾದುದು ನ್ಯಾಯ. ಜಟಿಂಗ ರಾಮೇಶ್ವರದ ಶಾಸನವನ್ನು ಪ್ರಕಟಿಸಿದವರು ಸವೆದ ಅಕ್ಷರಗಳನ್ನು ಆವರಣಚಿಹ್ನೆಗಳಲ್ಲಿಟ್ಟು, ಕಲ್ಲಿನಲ್ಲಿ ಕಂಡುದೆಷ್ಟು, ಸೋದರ ಪ್ರತಿಗಳಿಂದ ತುಂಬಿದುದೆಷ್ಟು ಎಂಬುದನ್ನು ಬೇರೆಯಾಗಿ ತೋರಿಸಿದರು. ಮುಂದೆ ಒಂದು ದಿನ ಕೃಷ್ಣವಿವರದ ಸ್ಫೋಟವು ಕಂಡರೂ ಕಾಣದೆಹೋದರೂ, ಇಂದಿನ ಮಿತಿಗಳನ್ನು ಬರೆದಿಡಬೇಕಾದುದು ಆ ಬಗೆಯಲ್ಲಿಯೇ.